ಒಂದು ಸಿಗರೇಟಿನಷ್ಟು ಹೊತ್ತು

ಅಂಟಣ್ಣ ತೀರಿಕೊಂಡ. ಗುರುವಾರ ಸಂಜೆ ಐದೂಕಾಲಿಗೆ, ಆಸ್ಪತ್ರೆಯಲ್ಲಿ. ಹೃದಯ ನಿಂತಿತು ಎಂದು ಬರೆದುಕೊಟ್ಟರು. ವಯಸ್ಸಿನ ಜಾಗದಲ್ಲಿ ಅರವತ್ತಾರು ಎಂದು ಹಾಕಿದ್ದರು. ಅರವತ್ತೆಂಟು ಎಂದು ಅವನ ತಂಗಿಗೆ ಗೊತ್ತಿತ್ತು. "ಇರ್ಲಿ ಬಿಡಿ, ಎರಡು ವರ್ಷ ಚಿಕ್ಕೋನಾಗೇ ಹೋಗ್ಲಿ" ಎಂದು ಅವಳು ತಿದ್ದಿಸಲಿಲ್ಲ.

ಹೊಲಿಗೆಯಕ್ಕನಿಗೆ ಸುದ್ದಿ ಮುಟ್ಟಿದ್ದು ಬಸ್ಸಿನಲ್ಲಿ. ಅವನ ಮಂಚದ ಪಕ್ಕದಿಂದ ಎದ್ದು ಬಂದು ಇನ್ನೂ ಮುಕ್ಕಾಲು ಗಂಟೆ ಆಗಿರಲಿಲ್ಲ. ಫೋನಿನಲ್ಲಿ ಅವನ ತಂಗಿ "ಹೋದ" ಎಂದಳು, ಅಷ್ಟೇ. ಹೊಲಿಗೆಯಕ್ಕ ಸೀಟಿನಿಂದ ಎದ್ದು ನಿಂತಳು. ಅವಳು ಇಳಿಯುವ ಸ್ಟಾಪು ಇನ್ನೂ ದೂರವಿತ್ತು. "ಎಲ್ಲಿ ಇಳೀಬೇಕಮ್ಮ?" ಎಂದು ಕಂಡಕ್ಟರ್ ಕೇಳಿದಾಗ ಮತ್ತೆ ಕೂತಳು.

ಇಪ್ಪತ್ತಮೂರು ವರ್ಷ ಅವನ ಪಕ್ಕದಲ್ಲಿ ಕೂತು ಕೆಲಸ ಮಾಡಿದವಳು. ಕೊನೆಯ ಒಂದೂವರೆ ವರ್ಷ ಅವನ ಬಾಯಿಂದ ಒಂದೇ ಒಂದು ಮಾತು ಕೇಳಲು ಕಾದಳು. ನೀನು ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ ಎನ್ನುವ ಮಾತು. ಅದನ್ನು ಆಡದೆಯೇ ಅವನು ಹೋದ.

ಅವರಿಬ್ಬರೂ ಇದ್ದದ್ದು ಪುಸ್ತಕಕ್ಕೆ ರಟ್ಟು ಕಟ್ಟುವ ಕಾರ್ಖಾನೆಯಲ್ಲಿ. ಉದ್ದನೆಯ ಒಂದೇ ಹಾಲ್, ನಾಲ್ಕು ಮೇಜು, ಕಾಗದ ಕತ್ತರಿಸುವ ಯಂತ್ರ ಒಂದು, ಪುಸ್ತಕಗಳನ್ನು ಅದುಮಿಡುವ ಕಬ್ಬಿಣದ ಪ್ರೆಸ್ಸು ಎರಡು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಕಟ್ಟಾಗುತ್ತದೆ, ಅದಕ್ಕೆ ಫಾರಂ ಎನ್ನುತ್ತಾರೆ. ಹೊಲಿಗೆಯಕ್ಕ ಫಾರಂಗಳನ್ನು ಒಂದರ ಮೇಲೊಂದು ಇಟ್ಟು ದಾರದಲ್ಲಿ ಹೊಲಿಯುವವಳು. ಹೊಲಿದ ಪುಸ್ತಕವನ್ನು ಎಡಗೈ ಚಾಚಿ ಪಕ್ಕದ ಮೇಜಿಗೆ ಕೊಟ್ಟರೆ ಅಲ್ಲಿ ಅದರ ಬೆನ್ನಿಗೆ ಬಿಸಿ ಅಂಟು ಬಳಿಯುವವನು ಅವನು. ನಲವತ್ತು ವರ್ಷ ಬಳಿದೂ ಬಳಿದೂ ಅವನ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನಾದರೂ ಅವನು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು. "ಇಬ್ಬರಲ್ಲಿ ದೊಡ್ಡೋರು ಯಾರು ಅಂತ ಒಂದು ಇತ್ಯರ್ಥ ಮಾಡ್ಕೊಳ್ರಿ, ನಮಗೂ ಗೊತ್ತಾಗ್ಲಿ" ಎಂದು ಬ್ಲೇಡು ರೇಗಿಸುತ್ತಿದ್ದ. ಬ್ಲೇಡು ಎಂದರೆ ಕತ್ತರಿಸುವ ಯಂತ್ರದವನು. ಆ ಹೆಸರು ಬಂದದ್ದು ಯಂತ್ರದಿಂದಲ್ಲ, ಅವನ ಮಾತಿನಿಂದ ಎನ್ನುವವರೂ ಇದ್ದರು.

"ಬೈಯೋಳು ಅಕ್ಕ, ಬೈಸ್ಕೊಳ್ಳೋನು ತಮ್ಮ. ವಯಸ್ಸು ಕಟ್ಕೊಂಡು ಏನಾಗ್ಬೇಕು?" ಎನ್ನುತ್ತಿದ್ದ ಅಂಟಣ್ಣ.

ಅಂಟು ಬಳಿಯುವುದು ನೋಡಲು ಸುಲಭ. ಬಳಿದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪುಸ್ತಕದ ಬೆನ್ನನ್ನು ಗುಂಡಗೆ ಮಾಡಬೇಕು, ಕಷ್ಟ ಇರುವುದು ಅಲ್ಲಿ. ಅಂಟು ಹಸಿಯಿರುವಾಗ ತಟ್ಟಿದರೆ ಫಾರಂಗಳು ಜಾರಿ ಪುಸ್ತಕ ಸೊಟ್ಟಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ತಟ್ಟಿದರೆ ಒಳಗೊಳಗೇ ಬಿರುಕು ಬಿಡುತ್ತದೆ, ಓದುವವರು ನಡುವೆ ತೆರೆದ ದಿನವೇ ಪುಸ್ತಕ ಎರಡು ಹೋಳು. ಹದ ಬರಲು ಎಷ್ಟು ಹೊತ್ತು ಬೇಕು? ಆ ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: ಒಂದು ಸಿಗರೇಟು. ದಪ್ಪ ಪುಸ್ತಕಕ್ಕೆ ಒಂದೂವರೆ.

ಅಂಟಣ್ಣ ಐದೈದು ಪುಸ್ತಕಗಳ ಬೆನ್ನಿಗೆ ಒಟ್ಟಿಗೆ ಬಳಿದು, ಕುಂಚ ಕೆಳಗಿಟ್ಟು, ಸಿಗರೇಟು ಹಚ್ಚುತ್ತಿದ್ದ. ಅದು ಸುಟ್ಟು ಸುಟ್ಟು ಬೆರಳಿಗೆ ಬಿಸಿ ತಾಗಿದಾಗ ಡಬ್ಬಿಯ ಮುಚ್ಚಳದಲ್ಲಿ ಒತ್ತಿ ಸುತ್ತಿಗೆ ಎತ್ತುತ್ತಿದ್ದ. ಗೋಡೆಯ ಮೇಲೆ ಗಡಿಯಾರವಿತ್ತು, ಅದನ್ನು ಊಟಕ್ಕೆ ಮತ್ತು ಮನೆಗೆ ಹೊರಡಲು ಮಾತ್ರ ನೋಡುತ್ತಿದ್ದರು. "ಗಡಿಯಾರಕ್ಕೆ ಥಂಡಿ ಗೊತ್ತಾಗುತ್ತಾ?" ಎಂದು ಅವನು ಕೇಳುತ್ತಿದ್ದ. ಮಾತಿನಲ್ಲಿ ಹುರುಳಿತ್ತು. ಥಂಡಿ ಹವೆಯಲ್ಲಿ ಅಂಟು ಒಣಗುವುದು ನಿಧಾನ. ಅದೇ ಹವೆಗೆ ಹೊಗೆಸೊಪ್ಪೂ ಮೆತ್ತಗಾಗಿ ನಿಧಾನವಾಗಿ ಉರಿಯುತ್ತದೆ. ಅವನು ಕಟ್ಟಿದ ಪುಸ್ತಕದ ಬೆನ್ನು ಬಿರಿಯಿತು ಎಂದು ನಲವತ್ತು ವರ್ಷದಲ್ಲಿ ಒಬ್ಬರೂ ಮರಳಿ ಬರಲಿಲ್ಲ.

ಆ ಒಂದು ಸಿಗರೇಟಿನ ಹೊತ್ತೇ ಅವರಿಬ್ಬರ ಮಾತಿನ ಹೊತ್ತು. ಹೊಲಿಗೆಯಕ್ಕ ಹೊಲಿಯುತ್ತ ಓದುತ್ತಿದ್ದಳು. ಇಡೀ ಪುಸ್ತಕವನ್ನಲ್ಲ, ಸೂಜಿ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಕಣ್ಣಿಗೆ ಬಿದ್ದ ಸಾಲುಗಳನ್ನು. ಐನೂರು ಪ್ರತಿ ಹೊಲಿಯುವಾಗ ಅದೇ ಪುಟ ಐನೂರು ಸಲ ತೆರೆದುಕೊಂಡು, ವಾರದೊಳಗೆ ಕಥೆ ಕರಗತವಾಗುತ್ತಿತ್ತು. ಅವಳು ಹೇಳುವುದು, ಅವನು ಕೇಳುವುದು. ಅವನಿಗೆ ಓದು ಬರದೆ ಅಲ್ಲ, ಕನ್ನಡಕ ಹುಡುಕುವ ಸೋಮಾರಿತನ.

"ಆಮೇಲೆ? ಅವಳು ಬಾಗಿಲು ತೆಗೆದಳಾ?"

"ಗೊತ್ತಿಲ್ಲ. ಮುಂದಿನ ಫಾರಂ ಇನ್ನೂ ಅಚ್ಚಾಗಿ ಬಂದಿಲ್ಲ."

"ಅಯ್ಯೋ, ಅವನನ್ನ ಬಾಗಿಲ ಹೊರಗೇ ನಿಲ್ಲಿಸಿಬಿಟ್ಯಲ್ಲಕ್ಕ! ಸೋಮವಾರದ ತನಕ ನಿಂತ್ರೆ ಕಾಲು ಬಿದ್ದೋಗುತ್ತೆ ಅವನಿಗೆ."

"ನೀವು ಹೋಗಿ ಒಂದು ಸ್ಟೂಲು ಕೊಟ್ಟು ಬನ್ನಿ."

ಅವನ ಬೆನ್ನ ಹಿಂದೆ ಕಿಟಕಿ. ಗಾಳಿ ಅಲ್ಲಿಂದ ಬಂದು, ಅವನ ಹೊಗೆಯನ್ನು ಎತ್ತಿಕೊಂಡು, ನೇರ ಅವಳ ಮುಖಕ್ಕೆ ತರುತ್ತಿತ್ತು. ದಿನಕ್ಕೆ ಹದಿನಾಲ್ಕು ಸಿಗರೇಟು, ವಾರಕ್ಕೆ ಆರು ದಿನ. ಅದರ ಬಗ್ಗೆ ಅವಳು ಯೋಚಿಸಿದವಳೇ ಅಲ್ಲ. ಸಂಜೆ ಮನೆಗೆ ಹೋದಾಗ ಗಂಡ ಮೂಗು ಮುಚ್ಚಿಕೊಂಡು "ಇವತ್ತು ಎಷ್ಟು ಸೇದಿ ಬಂದೆ?" ಎಂದರೆ, "ಎರಡು ಪ್ಯಾಕು, ನಿಮಗೂ ತರ್ಬೇಕಿತ್ತಾ?" ಎಂದು ನಕ್ಕು ಸೀರೆ ನೆನೆಹಾಕುತ್ತಿದ್ದಳು.

ಕೆಮ್ಮು ಹತ್ತಿದ್ದು ಎರಡು ವರ್ಷದ ಹಿಂದೆ. ಮೊದಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ದಿನವಿಡೀ. ಮನೆಯ ಮಹಡಿ ಮೆಟ್ಟಿಲನ್ನು ಹತ್ತುವಾಗ ನಡುವೆ ನಿಂತು ಗೋಡೆ ಹಿಡಿದುಕೊಳ್ಳಬೇಕಾಯಿತು. ಡಾಕ್ಟರು ಎದೆಗೆ ಕಿವಿಗೊಟ್ಟು, ಫೋಟೋ ತೆಗೆಸಿ ನೋಡಿ, ಮೇಜಿನ ಮೇಲಿಂದ ತಲೆ ಎತ್ತದೆ ಕೇಳಿದರು:

"ಎಷ್ಟು ವರ್ಷದಿಂದ ಸೇದ್ತಿದೀರ?"

"ನಾನಾ? ಜೀವಮಾನದಲ್ಲಿ ಒಂದಿಲ್ಲ."

"ಮನೇಲಿ?"

"ಮನೆಯವರಿಗೆ ಒಲೆ ಹೊಗೇನೂ ಆಗಲ್ಲ."

"ಕೆಲಸದ ಜಾಗದಲ್ಲಿ?"

"ಕಾಗದದ ಧೂಳಿರುತ್ತೆ ಸರ್" ಎಂದಳು. ಡಾಕ್ಟರು ಈಗ ತಲೆ ಎತ್ತಿದರು. ಧೂಳಿನ ಕಥೆ ಬೇರೆ, ಇದು ಹೊಗೆಯ ಎದೆ, ಹೊಗೆಯಿಂದ ದೂರವಾದರೆ ಇಲ್ಲಿಗೇ ನಿಲ್ಲುತ್ತದೆ, ಇಲ್ಲವಾದರೆ ಇಲ್ಲ ಎಂದು ಹೇಳಿ ಚೀಟಿ ಬರೆದರು.

ಚೀಟಿಯನ್ನು ರವಿಕೆಯಲ್ಲಿಟ್ಟುಕೊಂಡು ಹತ್ತು ದಿನ ಕಳೆದಳು. ಪ್ರತಿ ದಿನ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದು ಬರುತ್ತಿದ್ದಳು. ಅವನು ಅಂಟು ಬಳಿದು, ಸಿಗರೇಟು ಹಚ್ಚಿ, ಕಾಲು ಚಾಚಿ, "ಹೂಂ ಅಕ್ಕ, ನಿನ್ನೆ ಎಲ್ಲಿಗೆ ಬಂದಿತ್ತು?" ಎನ್ನುತ್ತಿದ್ದ. ಆ ಮುಖ ನೋಡಿ ಅವಳು ಕಥೆಯನ್ನೇ ಹೇಳುತ್ತಿದ್ದಳು. ನನ್ನ ಎದೆಯನ್ನು ನೀವು ಹಾಳು ಮಾಡಿದಿರಿ ಎನ್ನುವುದನ್ನು ಯಾವ ಬಾಯಲ್ಲಿ ಹೇಳುವುದು?

ಹನ್ನೊಂದನೆಯ ದಿನ ಅವಳು ಮಾಲೀಕಳ ಕೋಣೆಗೆ ಹೋದಳು. ಹಳೆಯ ಯಜಮಾನರ ಮಗಳು, ಅಪ್ಪನ ಕುರ್ಚಿಗೆ ಬಂದು ವರ್ಷವಾಗಿತ್ತು. ಅಂಟಣ್ಣ ಅವಳನ್ನು ಫ್ರಾಕಿನಲ್ಲಿ ನೋಡಿದವನಾದ್ದರಿಂದ ಎಲ್ಲರಿಗೂ ಅವಳು ಪುಟ್ಟಮ್ಮ. ಹೊಲಿಗೆಯಕ್ಕ ಚೀಟಿ ತೋರಿಸಿ, ಒಳಗೆ ಸೇದುವುದು ಬೇಡ ಎಂದು ನಿಯಮ ಮಾಡಬಹುದೇ, ತನ್ನ ಹೆಸರು ಮಾತ್ರ ಎಲ್ಲೂ ಬರಬಾರದು, ಎಂದು ಕೇಳಿದಳು. ಪುಟ್ಟಮ್ಮನಿಗೂ ಅದೇ ಬೇಕಾಗಿತ್ತು. ಸುತ್ತ ಕಾಗದದ ರಾಶಿ, ನಡುವೆ ಬೆಂಕಿ ಕಡ್ಡಿ. ಇಷ್ಟು ದಿನ ಏನೂ ಆಗದಿದ್ದದ್ದೇ ಪುಣ್ಯ.

ಮರುದಿನ ಬಾಗಿಲಿಗೆ ಕಾಗದ ಅಂಟಿತ್ತು. ಕಾರ್ಖಾನೆಯ ಒಳಗೂ ಗೇಟಿನಿಂದ ನೂರು ಹೆಜ್ಜೆಯವರೆಗೂ ಯಾರೂ ಧೂಮಪಾನ ಮಾಡತಕ್ಕದ್ದಲ್ಲ.

ಹೊಲಿಗೆಯಕ್ಕ ಮತ್ತೆ ಒಳಗೆ ಓಡಿದಳು. "ಪುಟ್ಟಮ್ಮ, ಒಳಗೆ ಬೇಡ ಅಂತ ತಾನೇ ನಾನು ಕೇಳಿದ್ದು? ನೂರು ಹೆಜ್ಜೆ ಯಾಕೆ? ಅವರಿಗೆ ಮಂಡಿ ನೋವು."

"ನಿಮ್ಮ ಕಿಟಕಿ ಯಾವ ಕಡೆ ತೆಗೆಯುತ್ತೆ ಅಕ್ಕ? ಗೇಟಿನ ಕಡೆ. ಎಲ್ಲರೂ ಗೇಟಲ್ಲಿ ನಿಂತು ಸೇದಿದ್ರೆ ಹೊಗೆ ಯಾರ ಮೂಗಿಗೆ ಹೋಗುತ್ತೆ?"

ಅವಳು ಬಾಗಿಲೆಳೆದುಕೊಂಡು ಬಂದಳು.

ಹೊರಗೆ ಬ್ಲೇಡು ಕಾಗದದ ಮುಂದೆ ನಿಂತು ಭಾಷಣ ಶುರು ಮಾಡಿದ್ದ. "ಒಳಗೆ ಬೇಡ ಅನ್ನಲಿ, ಒಪ್ಪೋಣ. ಇವರ ಮನೆ, ಇವರ ಮಾತು. ರಸ್ತೆ ಯಾರಪ್ಪಂದು? ಅಲ್ಲಿ ನಿಂತು ಉಸಿರು ಬಿಡೋಕೂ ಇವರ ಅಪ್ಪಣೆ ಬೇಕಾ?"

ಅಂಟಣ್ಣ ಕನ್ನಡಕ ಹುಡುಕಿ ತಂದು, ಕಾಗದವನ್ನು ಎರಡು ಸಲ ಓದಿ, "ನೂರು ಹೆಜ್ಜೆ ಅಂದ್ರೆ ಯಾರ ಹೆಜ್ಜೆ ಪುಟ್ಟಮ್ಮ? ನಂದಾ, ನಿಂದಾ?" ಎಂದಷ್ಟೇ ಕೇಳಿದ. ಪುಟ್ಟಮ್ಮ ನಕ್ಕು, ತಾನೇ ರಸ್ತೆಗಿಳಿದು ಎಣಿಸುತ್ತ ನಡೆದಳು. ನೂರನೆಯ ಹೆಜ್ಜೆ ಬೀಗ ರಿಪೇರಿಯವನ ಅಂಗಡಿ ಮುಂದೆ ಬಿತ್ತು. ವಾರ ಕಳೆಯುವುದರೊಳಗೆ ಬೀಗದವನು ಬಂದು, "ನಿಮ್ಮೋರ ಹೊಗೆ ನಿಮಗೆ ಬೇಡ, ನಂಗೆ ಬೇಕಾ? ನನ್ನ ಮೂಗೇನು ಬಿಟ್ಟಿ ಬಿದ್ದಿದ್ಯಾ?" ಎಂದು ಜಗಳ ತೆಗೆದ. ಅದೂ ನ್ಯಾಯವೇ. ಸೇದುವವರ ಗುಂಪು ಇನ್ನೂ ಮೂವತ್ತು ಹೆಜ್ಜೆ ಮುಂದೆ, ಖಾಲಿ ಗೋಡೆಯ ಹತ್ತಿರಕ್ಕೆ ಹೋಯಿತು.

ಅವರೆಲ್ಲ ಬಿಡುವಿನ ವೇಳೆಯಲ್ಲಿ ಹೋಗುತ್ತಿದ್ದರು. ಅಂಟಣ್ಣನಿಗೆ ಮಾತ್ರ ಹಾಗಲ್ಲ. ಬಳಿದ ತಕ್ಷಣ ಹೊರಡಬೇಕು, ಸಿಗರೇಟು ಮುಗಿದ ತಕ್ಷಣ ಬಂದು ತಟ್ಟಬೇಕು. ಕುಂಟುತ್ತ ಹೋಗುವುದು, ಕುಂಟುತ್ತ ಬರುವುದು. ಒಂದು ದಿನ ಬೆವರು ಒರೆಸಿಕೊಳ್ಳುತ್ತ ಕೂತವನು ತಗ್ಗಿದ ದನಿಯಲ್ಲಿ, "ಯಾರೋ ಒಳಗೆ ಹೋಗಿ ಊದಿದ್ದಾರೆ ಅಕ್ಕ. ಪುಟ್ಟಮ್ಮನಿಗೆ ತಾನಾಗಿ ಹೊಳೆದದ್ದಲ್ಲ ಇದು. ಯಾರಿರಬಹುದು?" ಎಂದ.

"ನಂಗೇನು ಗೊತ್ತು?" ಎಂದಳು ಅವಳು. ಸೂಜಿ ಬೆರಳಿಗೆ ಚುಚ್ಚಿತು.

ಆ ತಿಂಗಳು ಒಂದು ಗ್ರಂಥಾಲಯಕ್ಕೆ ನಲವತ್ತು ನಿಘಂಟು ಕಟ್ಟುವ ಕೆಲಸವಿತ್ತು. ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ರಟ್ಟು ಹಾಕಿ, ಎರಡು ದಿನ ಪ್ರೆಸ್ಸಿನಲ್ಲಿಟ್ಟು ತೆಗೆದಾಗ ಪುಟ್ಟಮ್ಮ ಒಂದನ್ನು ನಡುವೆ ತೆರೆದಳು. ಚಟ್ ಎಂದಿತು. ಇನ್ನೊಂದನ್ನು ತೆರೆದಳು. ಅದೂ ಚಟ್ ಎಂದಿತು. ನಲವತ್ತಕ್ಕೆ ನಲವತ್ತೂ ಬೆನ್ನು ಮುರಿದಿದ್ದವು. ಪುಟ್ಟಮ್ಮ ಬೈಯಲಿಲ್ಲ. "ಅಣ್ಣ, ಸುಸ್ತಾಗಿದ್ರೆ ಪ್ಯಾಕಿಂಗ್ ಕಡೆ ಕೂತ್ಕೊಳ್ಳಿ. ಕಷ್ಟದ ಕೆಲಸ ಅಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಂಟಣ್ಣ ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟು ನೋಡುತ್ತ ಕೂತ. "ಕೈ ಹೋಯ್ತು ಅಕ್ಕ" ಎಂದ. "ನಲವತ್ತು ವರ್ಷದ ಕೈ. ಹೋದದ್ದೇ ಗೊತ್ತಾಗ್ಲಿಲ್ಲ ನೋಡು."

ಕೈ ಹೋಗಿರಲಿಲ್ಲ. ಏನಾಗಿದೆ ಎಂದು ಅವಳಿಗೆ ಗೊತ್ತಿತ್ತು. ಮೊದಲೆಲ್ಲ ಅವನ ಕುಂಚ ಕೆಳಗಿಟ್ಟ ಸದ್ದಿನಿಂದ ಸುತ್ತಿಗೆ ಎತ್ತುವ ಸದ್ದಿನವರೆಗೆ ಅವಳು ಐದು ಫಾರಂ ಹೊಲಿಯುತ್ತಿದ್ದಳು. ಈಗ ಹನ್ನೊಂದು ಹೊಲಿಯುತ್ತಿದ್ದಳು. ಅವನು ಸಿಗರೇಟನ್ನು ಮಾತ್ರ ಲೆಕ್ಕ ಹಿಡಿದು, ನಡೆದು ಹೋಗಿ ಬರುವ ಹೊತ್ತನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಿಗರೇಟಿನಿಂದ ಹೊತ್ತು ಅಳೆಯುವವನನ್ನು ಬಿಟ್ಟರೆ ಬೇರೆ ಯಾರೂ ಮಾಡಲಾಗದ ತಪ್ಪು. ಇದನ್ನು ಹೇಳಿದರೆ ಅವನ ಕೈ ಅವನಿಗೆ ಮರಳಿ ಸಿಗುತ್ತದೆ. ಆದರೆ ಇಷ್ಟನ್ನು ಹೇಳಿ ಉಳಿದದ್ದನ್ನು ಮುಚ್ಚಿಡುವುದು ಅವಳಿಂದ ಆಗಲಿಲ್ಲ.

"ಕೈ ಹೋಗಿಲ್ಲ ಅಣ್ಣ. ನೀವು ದಾರಿ ಲೆಕ್ಕ ಬಿಟ್ಟಿದ್ದೀರಿ, ಅಷ್ಟೇ. ಐದು ಫಾರಂಗೆ ತಟ್ಟುತ್ತಿದ್ದೋರು ಹನ್ನೊಂದಕ್ಕೆ ತಟ್ತಿದೀರ." ಒಂದೇ ಉಸಿರಿಗೆ ಮುಂದುವರಿಸಿದಳು. "ಒಳಗೆ ಹೋಗಿ ಊದಿದ್ದು ನಾನೇ."

ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು. ಅಂಟಣ್ಣ ಮತ್ತೆ ಕನ್ನಡಕ ಹುಡುಕಬೇಕಾಯಿತು. ಓದಿದ.

"ನಂಗೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀವು ಬಿಡ್ತಿದ್ರಿ. ನಾಲ್ಕು ದಿನ. ಐದನೇ ದಿನ ನಾನು ನೀರಿಗೆ ಹೋದಾಗ ಹಚ್ಚಿ, ನಾನು ಬರೋದ್ರೊಳಗೆ ರಟ್ಟಿನಿಂದ ಗಾಳಿ ಬೀಸ್ತಾ ಕೂತಿರ್ತಿದ್ರಿ."

ಅದು ಅಪ್ಪಟ ಸತ್ಯವಾಗಿದ್ದರಿಂದಲೇ ಇರಬೇಕು, ಅವನಿಗೆ ಸಿಟ್ಟು ಬಂತು. ಎದ್ದು, ತನ್ನ ಮೇಜನ್ನು ಕರಕರ ಎಂದು ಎಳೆದುಕೊಂಡು ಹಾಲಿನ ಆ ತುದಿಯ ಗೋಡೆಗೆ ಹೋದ. ಒಂಬತ್ತು ದಿನ ಅಲ್ಲೇ ಕೂತ. ಹೊಲಿದ ಪುಸ್ತಕಗಳನ್ನು ಬ್ಲೇಡು ಹೊತ್ತು ಅತ್ತ ಕೊಡಬೇಕು, ಮಾತನ್ನೂ ಅವನೇ ಹೊರಬೇಕು.

"ದಾರ ಸಡಿಲ ಇದೆ ಅಂತ ಅವರಿಗೆ ಹೇಳು."

"ಅಂಟು ಜಾಸ್ತಿ ಆಗಿದೆ ಅಂತ ಅವರಿಗೆ ಹೇಳು."

"ನಾನೇನು ನಿಮ್ಮ ಪೋಸ್ಟ್‌ಮ್ಯಾನಾ?" ಎಂದ ಬ್ಲೇಡು. "ಇಬ್ಬರೂ ಸೇರಿ ಒಂದು ಕಾಗದ ಬರೀರಿ, ತಿದ್ದಿ ಕೊಡ್ತೀನಿ."

ಹತ್ತನೆಯ ದಿನ ಅವಳು ಬರುವಾಗ ಮೇಜು ಹಳೆಯ ಜಾಗದಲ್ಲಿತ್ತು. ಅವನು ಅವಳ ಮುಖ ನೋಡದೆ, "ಆ ಗೋಡೆ ಹತ್ರ ಏನೂ ಕೇಳ್ಸಲ್ಲ" ಎಂದ. ಐದು ಪುಸ್ತಕಕ್ಕೆ ಅಂಟು ಬಳಿದು, ಕುಂಚ ಕೆಳಗಿಟ್ಟು, ಖಾಲಿ ಕೈಯನ್ನು ಏನು ಮಾಡುವುದು ಎಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡ. ಅವಳು ಹೊಲಿದಳು. ಐದನೆಯ ಫಾರಂ ಆದಾಗ "ಹೂಂ" ಎಂದಳು. ಅವನು ತಟ್ಟಿದ. ಬೆನ್ನು ಗುಂಡಗೆ ಬಂತು. ಪ್ಯಾಕಿಂಗ್ ಮಾತು ಮತ್ತೆ ಬರಲಿಲ್ಲ.

ಹಾಗೆಂದು ಅವನು ಸಿಗರೇಟು ಬಿಡಲಿಲ್ಲ. ಹದಿನಾಲ್ಕು ಇದ್ದದ್ದು ನಾಲ್ಕಾಯಿತು. ಅದೇ ಖಾಲಿ ಗೋಡೆಯವರೆಗೆ ಬಿಸಿಲಲ್ಲಿ ಕುಂಟುತ್ತ ಹೋಗುವುದನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳು. ಒಂದು ಸಲ ತಡೆಯಲಾರದೆ, "ನಾನೇ ಪುಟ್ಟಮ್ಮನಿಗೆ ಹೇಳ್ತೀನಿ ಅಣ್ಣ, ನಿಮಗೊಬ್ಬರಿಗೆ ಗೇಟಿನ ಹತ್ರ ಬಿಡಲಿ" ಎಂದಳು. "ಬೇಡ. ಇರ್ಲಿ ಬಿಡು" ಎಂದ. ಆ ಇರ್ಲಿ ಬಿಡು ಎಂಬುದರ ಒಳಗೆ ಏನಿದೆ ಎಂದು ಅವಳು ವಾರಗಟ್ಟಲೆ ಯೋಚಿಸಿದಳು. ಅವನು ಮೊದಲಿನಂತೆ ನಗುತ್ತಿದ್ದ, ಕಥೆ ಕೇಳುತ್ತಿದ್ದ, ಬೈಸಿಕೊಳ್ಳುತ್ತಿದ್ದ. ಆ ವಿಷಯವನ್ನು ಮಾತ್ರ ಎತ್ತುತ್ತಿರಲಿಲ್ಲ. ಮನೆಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಿದ ದಿನ ಅವಳಿಗೆ ಆದ ಸಂತೋಷವನ್ನು ಹೇಳಿಕೊಳ್ಳಬೇಕೆನಿಸಿದ್ದು ಅವನೊಬ್ಬನಿಗೇ. ಹೇಳಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ, ಮನೆಯಲ್ಲಿ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಅವನ ತಂಗಿ ಅಕ್ಕಪಕ್ಕದವರನ್ನು ಕರೆದು ಆಸ್ಪತ್ರೆಗೆ ಸೇರಿಸಿದಳು. ಮದುವೆಯಾಗದ ಅಣ್ಣನಿಗೆ ಮೂವತ್ತು ವರ್ಷ ಅನ್ನ ಹಾಕಿ ಬೈದವಳು ಅವಳು. ಹೊಲಿಗೆಯಕ್ಕ ಹೋದಾಗ ವಾರ್ಡಿನ ಹೊರಗೇ ನಿಲ್ಲಿಸಿ ಹೇಳಿದಳು: "ಬಿಸಿಲಲ್ಲಿ ಓಡಾಡಿಸಿ ಓಡಾಡಿಸಿ ಇವನನ್ನ ಈ ಗತಿಗೆ ತಂದ್ರು ಆ ಕಾರ್ಖಾನೆಯೋರು." ಹೊಲಿಗೆಯಕ್ಕ ತಲೆ ತಗ್ಗಿಸಿ ನಿಂತಳು. ಒಳಗೆ ಡಾಕ್ಟರು ಬೇರೆಯೇ ಹೇಳಿದರು: ನಲವತ್ತು ವರ್ಷದ ಹೊಗೆ, ಇನ್ನೇನು. ಡಾಕ್ಟರ ಮಾತೇ ಸರಿ ಎಂದು ಅವಳ ಬುದ್ಧಿ ಹೇಳುತ್ತಿತ್ತು. ಬೆಳಗಿನ ಜಾವ ಎಚ್ಚರವಾದಾಗ ಕೇಳಿಸುತ್ತಿದ್ದದ್ದು ತಂಗಿಯ ಮಾತು.

ಅವನ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದ್ದರು. ಮಾತಾಡಿಸಬೇಡಿ ಎಂದಿದ್ದರು. ಉಸಿರಾಡುವುದಕ್ಕೇ ಅವನ ಇಡೀ ದಿನ ಸಾಲುತ್ತಿರಲಿಲ್ಲ. ಅವಳು ನಾಲ್ಕು ದಿನವೂ ಕೆಲಸ ಬೇಗ ಮುಗಿಸಿ ಹೋಗಿ, ಕಿಟಕಿಯ ಕಡೆ ಸ್ಟೂಲು ಹಾಕಿಕೊಂಡು ಕೂತು, ಹೊಲಿಯುತ್ತಿದ್ದ ಪುಸ್ತಕದ ಕಥೆ ಹೇಳುತ್ತಿದ್ದಳು. ಕೇಳಬೇಕೆಂದಿದ್ದ ಒಂದನ್ನು ಕೇಳಲಿಲ್ಲ. ಉತ್ತರ ಕೊಡಲಾಗದವನ ಬಳಿ ಕ್ಷಮೆ ಕೇಳುವುದು ಅನ್ಯಾಯ ಎನಿಸಿತು.

ಗುರುವಾರವೂ ಹಾಗೆಯೇ ಕೂತಿದ್ದಳು. ಮಂಚದ ಆ ಕಡೆ ತಂಗಿ. ವಾರ್ಡು ನೆಲಮಹಡಿಯಲ್ಲಿತ್ತು, ಸೆಕೆಗೆ ಕಿಟಕಿ ಪೂರ್ತಿ ತೆಗೆದಿತ್ತು. ಕಥೆ ಹೇಳುತ್ತಿರುವಾಗ ಅಂಟಣ್ಣ ಕಣ್ಣು ತೆರೆದು ತಲೆ ಹೊರಳಿಸಿದ. ಕೈ ಮೇಲೆತ್ತಿದ.

"ನೀರಾ?" ಎಂದಳು. ಅಲ್ಲ.

"ದಿಂಬು ಸರಿ ಮಾಡ್ಲಾ?" ಅಲ್ಲ.

ಅವನು ಅವಳ ಸ್ಟೂಲನ್ನು ತೋರಿಸಿ, ಬೆರಳನ್ನು ತನ್ನ ಎದೆಯ ಮೇಲಿನಿಂದ ಆಚೆ ಕಡೆಗೆ ತಿರುಗಿಸಿದ. "ಈ ಕಡೆ ಬಾ ಅಂತಿದ್ದಾನೆ ನೋಡು" ಎಂದಳು ತಂಗಿ. ಹೊಲಿಗೆಯಕ್ಕ ಸ್ಟೂಲು ಎತ್ತಿಕೊಂಡು ಮಂಚ ಸುತ್ತಿ ಬಂದು ಕೂತಳು. ಆಗ ಅವಳಿಗೆ ಕಾಣಿಸಿತು. ಕಿಟಕಿಯ ಹೊರಗೆ ಯಾವುದೋ ರೋಗಿಯ ಕಡೆಯವನು ಗೋಡೆಗೆ ಒರಗಿ ಸಿಗರೇಟು ಸೇದುತ್ತಿದ್ದ. ಅವಳು ಈವರೆಗೆ ಕೂತಿದ್ದ ಜಾಗದ ಮೇಲೆ ಹೊಗೆ ತೆಳ್ಳಗೆ ಒಳಗೆ ಬರುತ್ತಿತ್ತು.

ಅಂಟಣ್ಣ ಕಿಟಕಿಯ ಕಡೆ ಬೆರಳು ಮಾಡಿ, ಮುಚ್ಚು ಎಂದು ಸನ್ನೆ ಮಾಡಿದ.

"ಸೆಕೆ ಕಣೋ" ಎಂದಳು ತಂಗಿ. "ಬರೋದೇ ಅಷ್ಟು ಗಾಳಿ. ನಿಂಗೆ ಗಾಳಿ ಬೇಡ್ವಾ?"

ಅವನು ಇಲ್ಲ ಎಂದು ತಲೆಯಾಡಿಸಿ, ಹೊಲಿಗೆಯಕ್ಕನ ಎದೆಯ ಕಡೆ ಬೆರಳು ಮಾಡಿ, ಮತ್ತೆ ಕಿಟಕಿಯನ್ನೇ ತೋರಿಸಿದ.